ಕಾಂಟ್ಯಾಕ್ಟ್ ಲೆನ್ಸ್ ಮತ್ತು ಕಣ್ಣಿನ ಹುಣ್ಣು: ಮುಚ್ಚಿಡಬಾರದ ಮಾತು

(ಇಟಗಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪ್ರತಿವರ್ಷ ಈ ವೇದಿಕೆಯಿಂದ ನಾವು ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನ, ಮುಂದಿನ ಓದು ಇವುಗಳ ಬಗ್ಗೆ ಮಾತನಾಡುತ್ತೇವೆ. ಈ ಸಲ ವಿಷಯವನ್ನು ನಾನೇ ಆರಿಸಿಕೊಳ್ಳಲು ಹಿರಿಯರು ಬಿಟ್ಟರು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರಿಗೆ ಬರುವ ಕಣ್ಣಿನ ಹುಣ್ಣಿನ ಬಗ್ಗೆ ಹೇಳುತ್ತೇನೆ ಎಂದಾಗ ಕೆಲವರು ನಕ್ಕರು. "ನಮ್ಮ ಇಟಗಿಯಾಗ ಲೆನ್ಸ್ ಹಾಕೋರು ಎಷ್ಟ ಮಂದಿ ಅದಾರ್ರೀ ಟೀಚರ್?" ಎಂದು ಕೇಳಿದರು. ಎಷ್ಟು ಮಂದಿ ಎಂದು ನನಗೂ ಗೊತ್ತಿರಲಿಲ್ಲ, ಏಕೆಂದರೆ ಹಾಕಿಕೊಳ್ಳುವವರು ಹೇಳುವುದಿಲ್ಲ. ಇವತ್ತು ನಾನು ಮಾತನಾಡಬೇಕಾಗಿರುವುದು ಈ ಹೇಳದೇ ಇರುವುದರ ಬಗ್ಗೆಯೇ.

ನಾನು ವೈದ್ಯಳಲ್ಲ. ಬಿ.ಎಡ್. ಮಾಡಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಔಷಧಿ ಬರೆದುಕೊಡಲು ನನಗೆ ಬಾರದು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಹಲವು ದಿನ ಕುಳಿತು, ವೈದ್ಯರನ್ನು ಕೇಳಿ, ಸಿಕ್ಕದ್ದನ್ನೆಲ್ಲ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಒಬ್ಬ ವಿದ್ಯಾರ್ಥಿನಿಯ ಕಥೆ

ಮೊದಲು ನಡೆದ ಸಂಗತಿ ಹೇಳುತ್ತೇನೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. "ಹೆಸರು ಹೇಳಬೇಡ್ರಿ, ಸಂಗತಿ ಹೇಳ್ರಿ ಟೀಚರ್, ಮತ್ತೊಬ್ಬರಿಗೆ ಆಗಬಾರದು" ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಎಂಟನೆಯ ತರಗತಿಯಲ್ಲಿ ಅವಳಿಗೆ ಕಪ್ಪು ಹಲಗೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಬಂತು. ಆಮೇಲೆ ತರಗತಿಗೆ ಅವಳೇ ಮೊದಲಿಗಳು. ಮನೆಯಲ್ಲಿ ಮಾತ್ರ ಬೇರೆ ಚಿಂತೆ. "ಹುಡುಗಿಗೆ ಇಷ್ಟು ದಪ್ಪ ಕನ್ನಡಕ ಐತಿ, ನಾಳೆ ನೋಡಾಕ ಬಂದವರು ಏನಂತಾರ?" ಎಂಬ ಮಾತು ಅವಳ ಕಿವಿಗೆ ದಿನವೂ ಬೀಳುತ್ತಿತ್ತು. ಪದವಿ ಓದಲು ಬೇರೆ ಊರಿಗೆ ಹೋದಾಗ ಹಾಸ್ಟೆಲ್ ಗೆಳತಿಯೊಬ್ಬಳನ್ನು ನೋಡಿ, ಮೆಸ್ ಖರ್ಚಿನಲ್ಲಿ ಹಣ ಉಳಿಸಿ ಲೆನ್ಸ್ ಕೊಂಡಳು. ಕಣ್ಣಿನ ವೈದ್ಯರಿಗೆ ತೋರಿಸಲಿಲ್ಲ. ಹಳೆಯ ಕನ್ನಡಕದ ನಂಬರನ್ನೇ ಹೇಳಿ ತರಿಸಿಕೊಂಡಳು. ಮನೆಗೆ ತಿಳಿಸಲಿಲ್ಲ.

ರಜೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಮನೆ ತುಂಬ ನೆಂಟರು. ಲೆನ್ಸ್ ತೆಗೆಯಲು ಒಂದು ಮೂಲೆಯೂ ಸಿಗಲಿಲ್ಲ. ಮೊದಲ ರಾತ್ರಿ ಹಾಕಿಕೊಂಡೇ ಮಲಗಿದಳು. ಎರಡನೆಯ ರಾತ್ರಿ ಬಚ್ಚಲಿಗೆ ಹೋಗಿ ತೆಗೆದಳು. ದ್ರಾವಣದ ಬಾಟಲಿ ಬ್ಯಾಗಿನಲ್ಲಿತ್ತು, ಬ್ಯಾಗು ಎಲ್ಲೋ ಹಾಸಿಗೆಯ ರಾಶಿಯ ಕೆಳಗಿತ್ತು. ಡಬ್ಬಿಗೆ ನಲ್ಲಿಯ ನೀರು ಹಾಕಿ ಲೆನ್ಸ್ ಇಟ್ಟಳು. ಬೆಳಿಗ್ಗೆ ಅದನ್ನೇ ಹಾಕಿಕೊಂಡು, ಸುರ್ಮಾ ಹಚ್ಚಿಕೊಂಡು ನಿಕಾಹ್‌ಗೆ ಹೋದಳು. ಆ ರಾತ್ರಿಯೂ ಹಾಗೆಯೇ ಮಲಗಿದಳು.

ಮರುದಿನ ಎಡಗಣ್ಣು ಕೆಂಪಾಯಿತು. ಮನೆಯವರು "ಕಣ್ಣು ಬಂದಾವ" ಎಂದರು. ಅಜ್ಜಿ "ನಜರ್ ಬಿದ್ದೈತಿ" ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದರು. ತಮ್ಮ ಓಡಿಹೋಗಿ ಔಷಧಿ ಅಂಗಡಿಯಿಂದ ಒಂದು ಹನಿ ಔಷಧಿ ತಂದ. ಅದನ್ನು ಹಾಕಿದ ಮೇಲೆ ಕೆಂಪು ಕಡಿಮೆಯಾಯಿತು. ಎಲ್ಲರೂ ಸಮಾಧಾನಪಟ್ಟರು. ಎರಡು ದಿನ ಕಳೆದು ನೋವು ಹೆಚ್ಚಾಗಿ, ಕಿಟಕಿಯ ಬೆಳಕನ್ನೂ ನೋಡಲಾಗದೆ ಅವಳು ನನಗೆ ಫೋನ್ ಮಾಡಿದಳು. "ಟೀಚರ್, ಭಾಳ ಉರಿಯಾಕತ್ತೈತ್ರಿ. ಲೆನ್ಸ್ ಹಾಕಿದ್ದೆ ಅಂತ ಮನ್ಯಾಗ ಹೇಳಾಕ ಆಗವಲ್ದು."

ನಾನು ಹೋಗಿ ನೋಡಿದೆ. ಕರಿಗುಡ್ಡೆಯ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಕೂತಿತ್ತು. ಅವಳ ತಾಯಿಗೆ ನಾನೇ ವಿಷಯ ಹೇಳಿದೆ. ಆ ಸಂಜೆಯೇ ದೊಡ್ಡ ಊರಿನ ಕಣ್ಣಿನ ಆಸ್ಪತ್ರೆಗೆ ಹೊರಟೆವು. ವೈದ್ಯರು ಹುಣ್ಣಿನ ಅಂಚನ್ನು ಮೆಲ್ಲನೆ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೋಂಕು ಎಂದರು. ಅವರು ಕೇಳಿದ ಮೊದಲ ಎರಡು ಪ್ರಶ್ನೆಗಳು ಇವು: "ಯಾವತ್ತು ಶುರುವಾಯಿತು? ಯಾವತ್ತು ಬಂದಿರಿ?" ನಡುವಿನ ಆ ದಿನಗಳ ಲೆಕ್ಕ ಹೇಳುವಾಗ ನಮ್ಮೆಲ್ಲರ ತಲೆ ತಗ್ಗಿತ್ತು.

ಒಂದೇ ಬೆಂಚು, ಒಂದೇ ಬಾಟಲಿ

ಅಲ್ಲಿ ನಮ್ಮ ಪಕ್ಕದಲ್ಲಿ ಗಂಗಾವತಿ ಕಡೆಯ ಒಬ್ಬ ರೈತರು ಕೂತಿದ್ದರು. ಭತ್ತದ ಕೊಯ್ಲಿನಲ್ಲಿ ಗರಿ ತಾಗಿ ಕಣ್ಣು ಗೀರಿತ್ತು. ಊರಿನಲ್ಲಿ ಯಾರೋ ನಾಲಿಗೆಯಿಂದ ಕಸ ತೆಗೆದಿದ್ದರು, ಸೊಪ್ಪಿನ ರಸ ಬಿಟ್ಟಿದ್ದರು. ಅವರ ಕೈಯಲ್ಲಿದ್ದ ಔಷಧಿ ಬಾಟಲಿಯೂ ನನ್ನ ವಿದ್ಯಾರ್ಥಿನಿಯ ಕೈಯಲ್ಲಿದ್ದ ಬಾಟಲಿಯೂ ಒಂದೇ: ನೇಟಮೈಸಿನ್. ಹಗಲು ರಾತ್ರಿ ತಾಸಿಗೊಮ್ಮೆ ಹಾಕಬೇಕು. ಒಬ್ಬರು ಹೊಲದ ಅಜ್ಜ, ಇನ್ನೊಬ್ಬಳು ಕಾಲೇಜಿನ ಹುಡುಗಿ. ಇಬ್ಬರಿಗೂ ಒಂದೇ ರೋಗ ಹೇಗೆ ಬಂತು ಎಂಬ ಪ್ರಶ್ನೆ ಅವತ್ತು ನನ್ನ ತಲೆಯಲ್ಲಿ ಕೂತಿತು.

ಉತ್ತರ ತಿಳಿಯಲು ಕಣ್ಣಿನ ರಚನೆಯನ್ನು ಸ್ವಲ್ಪ ನೋಡೋಣ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರವಿದೆ. ಅದೇ ಕಾರ್ನಿಯಾ. ಉರ್ದುವಿನಲ್ಲಿ ಕರ್ನಿಯಾ ಎನ್ನುತ್ತೇವೆ. ಕೇಳಲು ಒಂದೇ ಪದದಂತಿದೆ, ಆದರೆ ಒಂದರ ಮೂಲ ಲ್ಯಾಟಿನ್, ಇನ್ನೊಂದರದು ಅರಬ್ಬಿ. ಎರಡು ಭಾಷೆಗಳಲ್ಲೂ ಆ ಮೂಲ ಪದದ ಅರ್ಥ ಕೊಂಬು. ತೆಳುವಾಗಿ ಸೀಳಿದ ಕೊಂಬಿನಂತೆ ಬೆಳಕು ಹಾಯುವ ಪದರ ಎಂಬ ಭಾವ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಸಮ್ ಅವರು ಸಾವಿರ ವರ್ಷಗಳ ಹಿಂದೆ 'ಕಿತಾಬ್ ಅಲ್ ಮನಾಝಿರ್' ಎಂಬ ಗ್ರಂಥದಲ್ಲಿ, ವಸ್ತುವಿನಿಂದ ಬಂದ ಬೆಳಕು ಕಣ್ಣಿನೊಳಗೆ ಹೋಗುವುದರಿಂದಲೇ ನಮಗೆ ಕಾಣುತ್ತದೆ ಎಂದು ವಿವರಿಸಿದರು. ಆ ಬೆಳಕು ಒಳಗೆ ಹೋಗುವ ಮೊದಲ ಬಾಗಿಲು ಈ ಕಾರ್ನಿಯಾ.

ಇದರ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಪಾರದರ್ಶಕವಾಗಿರಬೇಕಾದ್ದರಿಂದ ಇದರಲ್ಲಿ ರಕ್ತನಾಳಗಳಿಲ್ಲ. ದೇಹದ ಉಳಿದ ಭಾಗಕ್ಕೆ ರಕ್ತದಿಂದ ಆಮ್ಲಜನಕ ಸಿಗುತ್ತದೆ. ಕಾರ್ನಿಯಾ ಮಾತ್ರ ಬಹುಪಾಲು ಆಮ್ಲಜನಕವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಹರಿದು ಅದನ್ನು ತೊಳೆಯುತ್ತದೆ. ಮೇಲಿನ ಚರ್ಮ ಗಟ್ಟಿಯಾಗಿರುವ ತನಕ ರೋಗಾಣುಗಳು ಒಳಗೆ ನುಗ್ಗುವುದು ಕಷ್ಟ. ಆ ಚರ್ಮ ಗೀರಿದರೆ ಬಾಗಿಲು ತೆರೆದಂತೆ. ಆಗ ಉಂಟಾಗುವ ಉರಿಯೂತವನ್ನು ವೈದ್ಯರು ಕೆರಟೈಟಿಸ್ ಎನ್ನುತ್ತಾರೆ. ಅದು ಹುಣ್ಣಾದರೆ ಕಾರ್ನಿಯಾದ ಹುಣ್ಣು.

ಹೊಲದಲ್ಲಿ ಗರಿ, ರವದಿ, ಮುಳ್ಳು ತಾಗಿ ಚರ್ಮ ಗೀರುತ್ತದೆ. ಲೆನ್ಸ್ ಹಾಕಿ ಮಲಗಿದವರಲ್ಲಿ ಬೇರೆ ರೀತಿ. ಕಣ್ಣು ಮುಚ್ಚಿದೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂತಿದೆ. ಗಾಳಿ ಸಾಲದು, ಕಣ್ಣೀರು ಹರಿಯದು. ಚರ್ಮ ಊದಿಕೊಂಡು ಸಡಿಲವಾಗುತ್ತದೆ. ಲೆನ್ಸಿನ ಮೇಲೆ ಅಂಟಿ ಕೂತ ರೋಗಾಣುಗಳಿಗೆ ರಾತ್ರಿಯೆಲ್ಲ ಸಮಯ ಸಿಗುತ್ತದೆ. ಗೀರಿದ ವಸ್ತು ಬೇರೆ ಬೇರೆ, ತೆರೆದ ಬಾಗಿಲು ಒಂದೇ.

ಬೇಳೆಯ ಹೊಲದಿಂದ ಲೆನ್ಸಿನ ಡಬ್ಬಿಯವರೆಗೆ

ಇನ್ನೂ ಒಂದು ಆಶ್ಚರ್ಯದ ಸಂಗತಿ ಇದೆ. ನಮ್ಮ ಹೊಲಗಳಲ್ಲಿ ತೊಗರಿ, ಕಡಲೆ ಬೆಳೆ ಸೊರಗಿ ನಿಂತಲ್ಲೇ ಒಣಗುತ್ತದಲ್ಲ, ಆ ಸೊರಗು ರೋಗಕ್ಕೆ ಕಾರಣ ಫ್ಯುಸೇರಿಯಂ ಎಂಬ ಕುಲದ ಶಿಲೀಂಧ್ರಗಳು. ಇವು ಮಣ್ಣಿನಲ್ಲಿ, ಗಿಡದ ಕಸದಲ್ಲಿ ಇರುತ್ತವೆ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ 1994ರ ಮೊದಲ ಮೂರು ತಿಂಗಳಲ್ಲಿ ಕಾರ್ನಿಯಾದ ಹುಣ್ಣಿನಿಂದ ಬಂದ 434 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ ಶೇಕಡಾ 65ರಷ್ಟು ಜನರಿಗೆ ಮೊದಲು ಕಣ್ಣಿಗೆ ಪೆಟ್ಟು ಬಿದ್ದಿತ್ತು. ಶಿಲೀಂಧ್ರದ ಹುಣ್ಣುಗಳಲ್ಲಿ ಹೆಚ್ಚಾಗಿ ಕಂಡದ್ದು ಇದೇ ಫ್ಯುಸೇರಿಯಂ ಕುಲ.

ಈಗ ಹೊಲವೇ ಇಲ್ಲದ ಊರಿಗೆ ಬನ್ನಿ. 2005-06ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಮಣ್ಣು ಮುಟ್ಟದ ನಗರದ ಜನರಿಗೆ ಫ್ಯುಸೇರಿಯಂ ಹುಣ್ಣು ಕಾಣಿಸಿಕೊಳ್ಳತೊಡಗಿತು. ಹೆಚ್ಚಿನವರು ಮೃದು ಲೆನ್ಸ್ ಹಾಕುವವರು. ಅಮೆರಿಕದಲ್ಲಿ 2006ರ ಜೂನ್ ಕೊನೆಯ ಹೊತ್ತಿಗೆ 164 ಪ್ರಕರಣಗಳು ದೃಢಪಟ್ಟವು. ಅವರಲ್ಲಿ 55 ಮಂದಿಗೆ ಕಾರ್ನಿಯಾ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು ಅಥವಾ ಮಾಡಲು ನಿಶ್ಚಯವಾಯಿತು. ತನಿಖೆಯಲ್ಲಿ ಬಾಷ್ ಅಂಡ್ ಲಾಂಬ್ ಕಂಪನಿಯ 'ರೆನ್ಯೂ ವಿತ್ ಮಾಯಿಶ್ಚರ್‌ಲಾಕ್' ಎಂಬ ಲೆನ್ಸ್ ದ್ರಾವಣದೊಂದಿಗೆ ಈ ರೋಗದ ನಂಟು ಕಂಡಿತು. 2006ರ ಮೇ ತಿಂಗಳಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆಯಿತು. ತೆರೆಯದ ಬಾಟಲಿಗಳಲ್ಲಿ ಶಿಲೀಂಧ್ರ ಸಿಗಲಿಲ್ಲ. ಶಿಲೀಂಧ್ರ ಬಂದದ್ದು ಬಳಸುವವರ ಮನೆಯ ಪರಿಸರದಿಂದ, ಅದನ್ನು ಕೊಲ್ಲಬೇಕಾದ ದ್ರಾವಣ ಸೋತಿತ್ತು. ಡಬ್ಬಿಯಲ್ಲಿದ್ದ ಹಳೆಯ ದ್ರಾವಣ ಚೆಲ್ಲದೆ ಅದರ ಮೇಲೆಯೇ ಹೊಸದನ್ನು ತುಂಬುವ ಅಭ್ಯಾಸವೂ ಅಪಾಯಕ್ಕೆ ಸೇರಿಕೊಂಡಿತ್ತು. ಮರುವರ್ಷ, 2007ರ ಮೇ ತಿಂಗಳಲ್ಲಿ, ಮತ್ತೊಂದು ಕಂಪನಿಯ ದ್ರಾವಣವನ್ನೂ ಹಿಂತೆಗೆಯಬೇಕಾಯಿತು. ಆ ಸಲದ ರೋಗಾಣು ಅಕಾಂತಮೀಬಾ.

ಈ ಅಕಾಂತಮೀಬಾದ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅದರ ಮನೆ ನೀರು. ನಲ್ಲಿ, ಬೋರ್‌ವೆಲ್, ಮಹಡಿಯ ಮೇಲಿನ ಟ್ಯಾಂಕು, ಕೆರೆ, ಈಜುಕೊಳ, ಎಲ್ಲೆಡೆ ಇರಬಹುದಾದ ಏಕಕೋಶ ಜೀವಿ ಇದು. ಕುಡಿದರೆ ನಮಗೆ ಸಾಮಾನ್ಯವಾಗಿ ಏನೂ ಆಗದು. ಲೆನ್ಸಿಗೆ ಅಂಟಿಕೊಂಡು ಕಣ್ಣಿಗೆ ಹೋದರೆ ಮಾತ್ರ ಭಯಂಕರ. ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕ್ಲೋರಿನ್ ಹಾಕಿದ ನೀರಿನಲ್ಲೂ ಬದುಕುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ. ಆದ್ದರಿಂದ ಲೆನ್ಸಿಗೂ ನೀರಿಗೂ ಸಂಬಂಧವೇ ಬೇಡ. ನೀರು ಕುಡಿಯಲು ಶುದ್ಧವಾಗಿದ್ದರೂ ಲೆನ್ಸಿಗೆ ಶುದ್ಧವಲ್ಲ.

ನಮ್ಮ ಹುಡುಗರು ದಿನಕ್ಕೆ ಐದು ಸಲ ಹೌಜ್‌ನಲ್ಲೋ ನಲ್ಲಿಯಲ್ಲೋ ವುಝೂ ಮಾಡುವವರು. ಅವರು ಕೇಳುವ ಪ್ರಶ್ನೆ ನ್ಯಾಯವಾದದ್ದು. ವುಝೂವಿನಲ್ಲಿ ಮುಖ ತೊಳೆಯಬೇಕು, ಕಣ್ಣಿನ ಒಳಗೆ ನೀರು ಹಾಕಬೇಕೆಂದಿಲ್ಲ. ಲೆನ್ಸ್ ಹಾಕಿದ್ದರೆ ಕಣ್ಣನ್ನು ಮೆಲ್ಲನೆ ಮುಚ್ಚಿಕೊಂಡು ಮುಖ ತೊಳೆದು, ರೆಪ್ಪೆಯನ್ನು ಒರೆಸಿಕೊಂಡು ಕಣ್ಣು ತೆರೆಯಿರಿ. ಸ್ನಾನಕ್ಕೆ, ಈಜಿಗೆ ಲೆನ್ಸ್ ತೆಗೆದೇ ಇಳಿಯಿರಿ.

ಎಷ್ಟು ಅಪಾಯ?

ನಾನು ಲೆನ್ಸಿನ ವಿರೋಧಿಯಲ್ಲ. 1961ರಲ್ಲಿ ಚೆಕ್ ರಸಾಯನಶಾಸ್ತ್ರಜ್ಞ ಓಟೋ ವಿಖ್ಟರ್ಲೆ ಅವರು ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ ಮೃದು ಲೆನ್ಸ್ ತಯಾರಿಸಿ ತೋರಿಸಿದರು. ಅಂದಿನಿಂದ ಕೋಟ್ಯಂತರ ಜನರಿಗೆ ಅದು ಉಪಕಾರ ಮಾಡಿದೆ. ಕೆಲವು ಕಣ್ಣಿನ ದೋಷಗಳಿಗೆ ಕನ್ನಡಕಕ್ಕಿಂತ ಲೆನ್ಸೇ ಉತ್ತಮ ಎಂದು ವೈದ್ಯರೇ ಕೊಡುತ್ತಾರೆ. ಸರಿಯಾಗಿ ಬಳಸಿದರೆ ಅಪಾಯ ಕಡಿಮೆ.

1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಹೇಳುತ್ತದೆ: ಹಗಲು ಮಾತ್ರ ಹಾಕುವ ಮೃದು ಲೆನ್ಸಿನ 10,000 ಬಳಕೆದಾರರಲ್ಲಿ ವರ್ಷಕ್ಕೆ ಸುಮಾರು 4 ಮಂದಿಗೆ ಕಾರ್ನಿಯಾದ ಹುಣ್ಣು ಬಂದರೆ, ರಾತ್ರಿಯೂ ಹಾಕಿ ಮಲಗುವಂಥ ಲೆನ್ಸಿನ ಬಳಕೆದಾರರಲ್ಲಿ ಸುಮಾರು 21 ಮಂದಿಗೆ ಬರುತ್ತದೆ. ಐದು ಪಟ್ಟು ಅಂತರ. ಇನ್ನು ಓದಿದವರ ದೇಶದಲ್ಲಿ ಎಲ್ಲರೂ ನಿಯಮ ಪಾಲಿಸುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲೆನ್ಸ್ ಬಳಸುವವರಲ್ಲಿ ಶೇಕಡಾ 99ರಷ್ಟು ಜನ ಒಂದಾದರೂ ತಪ್ಪು ಅಭ್ಯಾಸ ತಮಗಿದೆ ಎಂದು ಒಪ್ಪಿಕೊಂಡರು.

ನಮ್ಮ ದೇಶದ ಸ್ಥಿತಿ ನೋಡಿ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರ ಅಂಧತ್ವಕ್ಕೆ ಮೊದಲ ಕಾರಣ ಕಣ್ಣಿನ ಪೊರೆ. 50ರ ಒಳಗಿನವರಲ್ಲಿ ಮೊದಲ ಕಾರಣ ಕಾರ್ನಿಯಾದ ಹಾನಿ. ಇದು ದುಡಿಯುವ ವಯಸ್ಸಿನವರ, ಓದುವ ವಯಸ್ಸಿನವರ ಕುರುಡು.

ಮೋತಿಬಿಂದುವಿನ ಬಗ್ಗೆ ನಮ್ಮ ಹಿರಿಯರಿಗೆ ಧೈರ್ಯವಿದೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ಮಾಡಿ ಸಾವಿರಾರು ಜನರಿಗೆ ಕಣ್ಣು ಕೊಟ್ಟದ್ದನ್ನು ನೋಡಿದವರು, ಕೇಳಿದವರು ಇಲ್ಲಿ ಇದ್ದೀರಿ. ಪೊರೆ ಬಂದರೆ ತೆಗೆಸಬಹುದು, ತಡವಾದರೂ ಬಹುಮಟ್ಟಿಗೆ ದೃಷ್ಟಿ ಮರಳುತ್ತದೆ. ಕಾರ್ನಿಯಾದ ಹುಣ್ಣು ಹಾಗಲ್ಲ. ವಾಸಿಯಾದರೂ ಬಿಳಿ ಕಲೆ ಬಿಡುತ್ತದೆ. ಕನ್ನಡದಲ್ಲಿ ಅದಕ್ಕೆ ಕಣ್ಣಿಗೆ ಹೂವು ಬಿತ್ತು ಎನ್ನುತ್ತೇವೆ. ಉರ್ದುವಿನಲ್ಲಿಯೂ ಫೂಲಾ ಎಂದೇ ಹೆಸರು. ಎರಡೂ ಭಾಷೆಗಳು ಇಷ್ಟು ಚೆಂದದ ಹೆಸರನ್ನು ಇಂಥ ಕೆಟ್ಟದ್ದಕ್ಕೆ ಏಕೆ ಇಟ್ಟವೋ! ಆ ಹೂವು ನಡುವೆ ಬಿದ್ದರೆ ದಾನಿಯೊಬ್ಬರ ಕಾರ್ನಿಯಾ ಹಾಕುವುದೊಂದೇ ದಾರಿಯಾಗಬಹುದು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ಬೆಂಗಳೂರಿನಲ್ಲಿ ನಾಲ್ವರಿಗೆ ದೃಷ್ಟಿ ಬಂತು. ಆದರೆ ಬೇಕಾದವರೆಲ್ಲರಿಗೆ ಸಿಗುವಷ್ಟು ಕಾರ್ನಿಯಾ ನಮ್ಮ ದೇಶದಲ್ಲಿ ಸಿಗುತ್ತಿಲ್ಲ.

ಹದಿನೆಂಟು ತಾಸು

ಹಾಗಾದರೆ ಕಣ್ಣು ಉಳಿಸುವುದು ಯಾವುದು? ಸಮಯ. ಇದಕ್ಕೆ ನೇಪಾಳದ ಭಕ್ತಪುರದ ಉದಾಹರಣೆಗಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಅಲ್ಲಿ ಹಳ್ಳಿಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಸುಮಾರು 35,000 ಜನರ ಮೇಲೆ ಎರಡು ವರ್ಷ ನಿಗಾ ಇಟ್ಟರು. ಕಣ್ಣು ಗೀರಿದವರಿಗೆ ಹುಣ್ಣಾಗುವ ಮುಂಚೆಯೇ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಾಕಿದರು. ಹೀಗೆ ಗೀರಿದ 442 ಪ್ರಕರಣಗಳ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. 18 ತಾಸಿನೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ತಾಸಿನ ನಡುವೆ ಬಂದ 109 ಮಂದಿಯಲ್ಲಿ 4 ಮಂದಿಗೆ ಆಯಿತು. ಒಂದು ದಿನ ಕಳೆದು ಎರಡು ದಿನದೊಳಗೆ ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು. ಅದೇ ಊರು, ಅದೇ ಮುಲಾಮು. ವ್ಯತ್ಯಾಸ ಬಂದದ್ದು ಎಷ್ಟು ಬೇಗ ಬಂದು ಹೇಳಿದರು ಎಂಬುದರಲ್ಲಿ.

ಈ ಲೆಕ್ಕ ಹೊಲದ ಗೀರಿನದು, ಲೆನ್ಸಿನದಲ್ಲ. ನಾಳೆಯೇ ಆ ಮುಲಾಮು ತಂದು ಹಚ್ಚಿಕೊಳ್ಳಿ ಎಂದು ಇದರ ಅರ್ಥವಲ್ಲ. ಲೆನ್ಸ್ ಹಾಕುವವರಿಗೆ ಹೆಚ್ಚಾಗಿ ಬರುವುದು ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಈ ಮುಲಾಮು ನಾಟುವುದಿಲ್ಲ. ಅದು ಎರಡೇ ದಿನದಲ್ಲಿ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು. ಹಾಗಾಗಿ ಲೆನ್ಸಿನವರಿಗೆ ಸಮಯ ಇನ್ನೂ ಕಡಿಮೆ.

ಔಷಧಿ ಅಂಗಡಿಯ ಹನಿಯ ಬಗ್ಗೆಯೂ ಹೇಳಬೇಕು. ನನ್ನ ವಿದ್ಯಾರ್ಥಿನಿಗೆ ತಂದ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್ ಎಂದಿತ್ತು. ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಜೊತೆಗೆ ರೋಗದ ವಿರುದ್ಧ ಹೋರಾಡುವ ದೇಹದ ಶಕ್ತಿಯನ್ನೂ ಅಡಗಿಸುತ್ತದೆ. ಕೆಂಪು ಹೋಯಿತೆಂದು ನಾವು ಸಂತೋಷಪಡುವಾಗ ಶಿಲೀಂಧ್ರ ಒಳಗೆ ಬೇರು ಬಿಡುತ್ತಿತ್ತು. ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್ ಇವೂ ಅದೇ ಗುಂಪಿನವು. ಇವು ಕೆಟ್ಟ ಔಷಧಿಗಳಲ್ಲ, ಕಣ್ಣಿನ ವೈದ್ಯರು ಬೇಕಾದಾಗ ಬರೆಯುತ್ತಾರೆ. ಆದರೆ ನೋಡದೆ, ಪರೀಕ್ಷಿಸದೆ ಕೆಂಪು ಕಣ್ಣಿಗೆ ಹಾಕುವಂಥವಲ್ಲ. ವಿದ್ಯಾರ್ಥಿಗಳೇ, ನಿಮಗೆ ಓದಲು ಬರುತ್ತದೆ. ಮನೆಯಲ್ಲಿ ಯಾರ ಕಣ್ಣಿಗೆ ಏನು ಹಾಕುತ್ತಿದ್ದರೂ ಮೊದಲು ಬಾಟಲಿಯ ಮೇಲಿನ ಹೆಸರು ಓದಿ.

ಕಣ್ಣು ಬಂದಿರುವುದಕ್ಕೂ ಕಾರ್ನಿಯಾದ ಹುಣ್ಣಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಕಣ್ಣು ಬಂದಾಗ ಸಾಮಾನ್ಯವಾಗಿ ಎರಡೂ ಕಣ್ಣು ಕೆಂಪಾಗುತ್ತವೆ, ಪಿಸುರು ಕಟ್ಟುತ್ತದೆ, ಕಸ ಬಿದ್ದಂತೆ ಚುಚ್ಚುತ್ತದೆ. ಒರೆಸಿಕೊಂಡರೆ ನೋಟ ಸರಿಯಾಗಿರುತ್ತದೆ. ಹುಣ್ಣಿನಲ್ಲಿ ಹೆಚ್ಚಾಗಿ ಒಂದೇ ಕಣ್ಣು, ಜೋರು ನೋವು, ಬೆಳಕು ನೋಡಲಾಗದು, ನೋಟ ಮಸುಕು, ಕೆಲವೊಮ್ಮೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಆದರೆ ಲೆನ್ಸ್ ಹಾಕುವವರು ಈ ಲೆಕ್ಕಾಚಾರ ಮಾಡುತ್ತ ಕೂರಬಾರದು. ಲೆನ್ಸ್ ಹಾಕಿದ ಕಣ್ಣು ಕೆಂಪಾದರೆ ಅದು ಹುಣ್ಣೆಂದೇ ತಿಳಿದು ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಲೆನ್ಸ್ ತೆಗೆಯಿರಿ, ಮತ್ತೆ ಹಾಕಬೇಡಿ, ಎಸೆಯಲೂ ಬೇಡಿ. ಲೆನ್ಸ್, ಡಬ್ಬಿ, ದ್ರಾವಣದ ಬಾಟಲಿ ಮೂರನ್ನೂ ವೈದ್ಯರ ಬಳಿ ಒಯ್ಯಿರಿ. ರೋಗಾಣು ಯಾವುದೆಂದು ಹುಡುಕಲು ಅವು ಉಪಯೋಗಕ್ಕೆ ಬರುತ್ತವೆ. ಮತ್ತು ಮೊದಲ ಮಾತಾಗಿ "ನಾನು ಲೆನ್ಸ್ ಹಾಕುತ್ತೇನೆ" ಎಂದು ಹೇಳಿ.

ಲೆನ್ಸ್ ಹಾಕುವವರಿಗೆ ಕೆಲವು ಸೂಚನೆಗಳು

1. ಕಣ್ಣಿನ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಲೆನ್ಸನ್ನೇ ಹಾಕಿ. ಕನ್ನಡಕದ ನಂಬರೂ ಲೆನ್ಸಿನ ನಂಬರೂ ಒಂದೇ ಆಗಿರಬೇಕೆಂದಿಲ್ಲ. ಬಣ್ಣದ ಲೆನ್ಸಿಗೂ ಇದೇ ನಿಯಮ. ಮದುವೆಯಲ್ಲಿ ಒಬ್ಬರ ಲೆನ್ಸನ್ನು ಇನ್ನೊಬ್ಬರು ಹಾಕಿಕೊಳ್ಳುವುದಂತೂ ಬೇಡವೇ ಬೇಡ.

2. ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಶುಭ್ರ ಬಟ್ಟೆಯಲ್ಲಿ ಒರೆಸಿ, ಒಣಗಿದ ಕೈಯಿಂದ ಲೆನ್ಸ್ ಮುಟ್ಟಿ.

3. ಮಲಗುವ ಮುನ್ನ ತೆಗೆಯಿರಿ. ಬಸ್ಸಿನ ರಾತ್ರಿ ಪ್ರಯಾಣವೂ ಮಲಗುವುದೇ.

4. ನೀರು, ಎಂಜಲು, ಮನೆಯಲ್ಲಿ ಮಾಡಿದ ಉಪ್ಪುನೀರು ಬೇಡ. ಲೆನ್ಸಿನ ದ್ರಾವಣ ಮಾತ್ರ. ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಬೆರಳಿನಿಂದ ಉಜ್ಜಿ ತೊಳೆಯಿರಿ.

5. ಡಬ್ಬಿಯ ಹಳೆಯ ದ್ರಾವಣವನ್ನು ಪ್ರತಿದಿನ ಚೆಲ್ಲಿ ಹೊಸದು ಹಾಕಿ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ತಿಂಗಳ ಲೆನ್ಸನ್ನು ಆರು ತಿಂಗಳು ಹಾಕಿ ಹಣ ಉಳಿಸಬೇಡಿ.

6. ಮೊದಲು ಲೆನ್ಸ್ ಹಾಕಿ, ನಂತರ ಅಲಂಕಾರ. ತೆಗೆಯುವಾಗ ಮೊದಲು ಲೆನ್ಸ್, ನಂತರ ಅಲಂಕಾರ. ಸುರ್ಮಾದ ಪುಡಿ ಲೆನ್ಸಿನ ಕೆಳಗೆ ಸೇರಿದರೆ ಕಣ್ಣನ್ನು ಗೀರುತ್ತದೆ. ಲೆನ್ಸ್ ಹಾಕಿದ ದಿನ ಸುರ್ಮಾ ಬೇಡ.

7. ಒಂದು ಜೊತೆ ಕನ್ನಡಕ ಯಾವಾಗಲೂ ಹತ್ತಿರ ಇರಲಿ. ಅದು ಇಲ್ಲದಿದ್ದರೆ ಕಣ್ಣು ಉರಿದರೂ ಲೆನ್ಸ್ ತೆಗೆಯಲು ಮನಸ್ಸಾಗುವುದಿಲ್ಲ.

ಹೊಲದಲ್ಲಿ ದುಡಿಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದೇ ಮಾತು. ರಾಶಿ ಮಾಡುವಾಗ, ಕೊಯ್ಲಿನಲ್ಲಿ ಒಂದು ಸಾದಾ ಕನ್ನಡಕವಾದರೂ ಹಾಕಿಕೊಳ್ಳಿ. ಕಣ್ಣಿಗೆ ಏನಾದರೂ ತಾಗಿದರೆ ನಾಲಿಗೆ, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಇವುಗಳಿಗೆ ಆಸ್ಪದ ಕೊಡದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಗ್ರೂಪ್ ಫೋಟೋ

ಇನ್ನು ಕೊನೆಯ ಮಾತು. ನನ್ನ ವಿದ್ಯಾರ್ಥಿನಿಯ ಕಣ್ಣು ಉಳಿಯಿತು. ಔಷಧಿ ಹಾಕಿದ್ದು ಎರಡು ತಿಂಗಳಿಗೂ ಹೆಚ್ಚು. ತಾಸಿಗೊಮ್ಮೆ ಹನಿ ಹಾಕಲು ರಾತ್ರಿಯೆಲ್ಲ ಅವಳ ತಾಯಿ ಎದ್ದು ಕೂರುತ್ತಿದ್ದರು. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಹೂವು ಬಿದ್ದಿದೆ. ಆ ಕಣ್ಣಿಗೆ ಈಗ ದಪ್ಪ ಅಕ್ಷರ ಮಾತ್ರ ಕಾಣುತ್ತದೆ. ಬಲಗಣ್ಣು ಚೆನ್ನಾಗಿದೆ. ಕನ್ನಡಕ ಹಾಕಿಕೊಂಡು ಪದವಿ ಮುಗಿಸಿದ್ದಾಳೆ.

ಅವಳ ತಾಯಿ ಒಂದು ರಾತ್ರಿ ನನ್ನನ್ನು ಕೇಳಿದರು: "ಟೀಚರ್, ನನ್ನ ಮಗಳು ನನಗ್ಯಾಕ ಹೇಳ್ಲಿಲ್ಲ?" ನಾನು ಸುಮ್ಮನಿದ್ದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅವಳ ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೋ ತೆಗೆಸುವಾಗ ನಾನೇ ಅವಳಿಗೆ ಹೇಳಿದ್ದೆ: "ಕನ್ನಡಕ ತೆಗಿಯಮ್ಮಾ, ಚಂದ ಕಾಣ್ತೀ." ಆ ಫೋಟೋ ಈಗಲೂ ನಮ್ಮ ಶಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಅವಳು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ, ಎದುರಿಗಿದ್ದ ಕ್ಯಾಮೆರಾ ಅವಳಿಗೆ ಕಾಣುತ್ತಿರಲಿಲ್ಲ.

ಕನ್ನಡಕವನ್ನು ಕುಂದು ಎಂದು ನಾವು ಹೇಳಿಕೊಟ್ಟೆವು. ಅವಳು ಲೆನ್ಸನ್ನು ಮುಚ್ಚಿಟ್ಟಳು. ಮುಚ್ಚಿಟ್ಟದ್ದಕ್ಕೆ ದಿನಗಳು ಕಳೆದವು, ಕಳೆದ ದಿನಗಳಿಗೆ ಬೆಲೆಯಾಗಿ ಒಂದು ಕಣ್ಣಿನ ನೋಟ ಹೋಯಿತು. ಲೆನ್ಸ್ ಹಾಕಿದ್ದು ಅವಳ ತಪ್ಪಲ್ಲ. ನಿಯಮ ತಿಳಿಯದೆ ಹಾಕಿದ್ದು ತಪ್ಪು, ಅದನ್ನು ಹೇಳಿಕೊಳ್ಳಲಾಗದಂತೆ ಮಾಡಿದ ನಮ್ಮದು ದೊಡ್ಡ ತಪ್ಪು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮನವಿ ಎರಡು. ವಿದ್ಯಾರ್ಥಿವೇತನ ಕೊಡುವಾಗ ಮಕ್ಕಳ ಅಂಕಪಟ್ಟಿಯ ಜೊತೆಗೆ ಕಣ್ಣಿನ ಪರೀಕ್ಷೆಯೂ ಆಗಲಿ, ಬೇಕಾದವರಿಗೆ ಕನ್ನಡಕದ ಖರ್ಚು ವೇತನದಲ್ಲೇ ಸೇರಲಿ. ಸಂಬಂಧ ನೋಡಲು ಹೋಗುವ ಮನೆಯಲ್ಲಿ ಹುಡುಗಿಯ ಕನ್ನಡಕದ ಮಾತೆತ್ತುವವರನ್ನು ಹಿರಿಯರೇ ತಡೆಯಲಿ.

ತಾಯಂದಿರೇ, ಇವತ್ತು ಮನೆಗೆ ಹೋಗಿ ಮಕ್ಕಳಿಗೆ ಒಂದು ಮಾತು ಹೇಳಿ: "ಲೆನ್ಸ್ ಹಾಕ್ತೀ ಏನು? ಹಾಕ್ತಿದ್ರ ಹೇಳು, ಬೈಯಾಂಗಿಲ್ಲ."

ವಿದ್ಯಾರ್ಥಿಗಳೇ, ಸಭೆ ಮುಗಿದ ಮೇಲೆ ಅಂಗಳದಲ್ಲಿ ಈ ವರ್ಷದ ಫೋಟೋ ತೆಗೆಸುತ್ತೇವೆ. ಕನ್ನಡಕ ಇರುವವರು ಹಾಕಿಕೊಂಡೇ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅವಳೂ ಬಂದಿದ್ದಾಳೆ, ನಿಮ್ಮ ಜೊತೆಯಲ್ಲಿಯೇ ಕೂರುತ್ತಾಳೆ.